ಎರಡನೇ ದಿನದ ಸಂಜೆ

ಪಂದ್ಯದ ದಿನ ಬೆಳಿಗ್ಗೆ ನನ್ನ ಮೊದಲ ಕೆಲಸ ಬ್ಯಾಗಿನಲ್ಲಿರುವ ಗಾಲ್ಫ್ ಕ್ಲಬ್ಬುಗಳನ್ನು ಎಣಿಸುವುದು. 14 ಇರಬಹುದು, ಅದಕ್ಕಿಂತ ಹೆಚ್ಚಿರಬಾರದು. ಹದಿನೈದನೆಯದೊಂದು ಉಳಿದುಬಿಟ್ಟಿದ್ದರೆ ಆಡಿದ ಒಂದೊಂದು ಹೋಲಿಗೂ ಎರಡು ಸ್ಟ್ರೋಕು ದಂಡ, ಒಟ್ಟು ನಾಲ್ಕರವರೆಗೆ. ನಮ್ಮ ಟೂರಿನಲ್ಲಿ ಒಂದೇ ಸ್ಟ್ರೋಕಿಗೆ ಇಡೀ ವಾರದ ದುಡಿಮೆ ಕೈತಪ್ಪುತ್ತದೆ. ಅದಕ್ಕೇ ಎರಡು ಸಲ ಎಣಿಸುತ್ತೇನೆ.

ನಾನು ಕ್ಯಾಡಿ. ಬೆಂಗಳೂರಿನಲ್ಲಿ ಬ್ಯಾಗು ಹೊರಲು ಶುರುಮಾಡಿ ಇಪ್ಪತ್ತು ವರ್ಷ ದಾಟಿತು. ಈಗ ನಾನು ಯಾರ ಬ್ಯಾಗು ಹೊರುತ್ತೇನೋ ಆ ಹುಡುಗನೂ ಕ್ಯಾಡಿಯಾಗಿದ್ದವನೇ, ನನ್ನ ಪಕ್ಕದಲ್ಲೇ ಕೂತು ಬುತ್ತಿ ಬಿಚ್ಚುತ್ತಿದ್ದವನು. ಈಗ ಪ್ರೊ ಆಗಿದ್ದಾನೆ, ಅಂದರೆ ಗಾಲ್ಫೇ ಅವನ ಹೊಟ್ಟೆಪಾಡು. ಇವತ್ತಿಗೂ ನನ್ನನ್ನು ‘ಅಣ್ಣ’ ಅನ್ನುತ್ತಾನೆ. ಕಳೆದ ಸೀಸನ್ನು ಪೂರ್ತಿ ಇಬ್ಬರೂ ಒಟ್ಟಿಗೆ ಊರೂರು ತಿರುಗಿದೆವು.

ಟಿವಿಯಲ್ಲಿ ಕಾಣುವ ಗಾಲ್ಫ್ ಅಮೆರಿಕದ್ದೋ ಯೂರೋಪಿನದೋ ಆಗಿರುತ್ತದೆ. ಅದರ ಕೆಳಗೆ ಏಷ್ಯನ್ ಟೂರ್, ಅದಕ್ಕೂ ಕೆಳಗಿನ ಮೆಟ್ಟಿಲಲ್ಲಿ ನಮ್ಮ ಪಿಜಿಟಿಐ, 2006ರಲ್ಲಿ ಹುಟ್ಟಿದ ಭಾರತದ ವೃತ್ತಿಪರ ಟೂರ್. ಅನಿರ್ಬನ್ ಲಾಹಿರಿ ಇಲ್ಲಿ ಗೆದ್ದೇ ಮೇಲೆ ಹೋದರು. ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿದ್ದವರು, 2009ರಲ್ಲಿ ಇಂಡಿಯನ್ ಓಪನ್ನನ್ನು ಪ್ಲೇಆಫ್‌ನಲ್ಲಿ ಗೆದ್ದರು. ಆ ಸುದ್ದಿ ಬಂದ ದಿನ ನಮ್ಮ ಕ್ಯಾಡಿಗಳ ನಡುವೆ ಎದ್ದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ನಮ್ಮ ಹುಡುಗ ಪ್ರೊ ಆಗುತ್ತೇನೆಂದು ಹಟ ಹಿಡಿದದ್ದೂ ಅಲ್ಲಿಂದಲೇ.

ಪಂದ್ಯ ನಾಲ್ಕು ದಿನ, ದಿನಕ್ಕೆ 18 ಹೋಲು. ನೂರಕ್ಕೂ ಮೇಲ್ಪಟ್ಟ ಆಟಗಾರರು ಶುರುಮಾಡುತ್ತಾರೆ. ಎರಡನೇ ದಿನದ ಸಂಜೆ ಕಟ್ ಬೀಳುತ್ತದೆ: ಮೊದಲ 50 ಮಂದಿ, ಅವರ ಜೊತೆ ಐವತ್ತನೆಯವನಷ್ಟೇ ಸ್ಕೋರು ಮಾಡಿದವರು ಉಳಿಯುತ್ತಾರೆ, ಮಿಕ್ಕವರು ಬ್ಯಾಗು ಕಟ್ಟುತ್ತಾರೆ. ಒಂದು ಕೋಟಿ ರೂಪಾಯಿಯ ಪಂದ್ಯದಲ್ಲಿ ಗೆದ್ದವನಿಗೆ ಸುಮಾರು 15 ಲಕ್ಷ. ಐವತ್ತನೆಯವನಿಗೆ ಸಿಗುವುದು ಪುಡಿಗಾಸು. ಐವತ್ತೊಂದನೆಯವನಿಗೆ ಒಂದು ರೂಪಾಯಿಯೂ ಇಲ್ಲ. ಆದರೆ ಎಂಟ್ರಿ ಫೀಸು, ರೈಲು, ಲಾಡ್ಜು, ಊಟ, ಚೆಂಡು, ನನ್ನ ವಾರದ ಕೂಲಿ, ಎಲ್ಲವನ್ನೂ ಅವನು ಆಗಲೇ ಕೊಟ್ಟಾಗಿರುತ್ತದೆ. ಗೆಲ್ಲುವವನ ಕಡೆಗೇ ಕ್ಯಾಮೆರಾ ತಿರುಗಿರುತ್ತದೆ. ಐವತ್ತರ ಗೆರೆಯ ಮೇಲೆ ನಿಂತವನ ಕೈ ನಡುಗುವುದನ್ನು ನೋಡುವುದು ಕ್ಯಾಡಿ ಒಬ್ಬನೇ.

ಕ್ಯಾಡಿ ಅಂದರೆ ಬರೀ ಹೊರುವವನಲ್ಲ. ಗುಂಡಿಯ ಸುತ್ತ ಒತ್ತಾಗಿ ಕತ್ತರಿಸಿದ ಹುಲ್ಲು ಇರುತ್ತದಲ್ಲ, ಅದು ಗ್ರೀನ್. ಅಲ್ಲಿ ಚೆಂಡನ್ನು ಗುಂಡಿಯತ್ತ ಉರುಳಿಸುವುದು ಪಟ್. ಅದು ಯಾವ ಕಡೆಗೆ ತಿರುಗುತ್ತದೆಂದು ಹೇಳುವುದೇ ನಮ್ಮ ವಿದ್ಯೆ. ಇಳಿಜಾರು ಯಾರ ಕಣ್ಣಿಗಾದರೂ ಕಾಣುತ್ತದೆ. ಹುಲ್ಲಿನ ವಾಲು ಹಾಗಲ್ಲ. ನಿಂತು ನೋಡಿದಾಗ ಹುಲ್ಲು ಹೊಳೆದರೆ ಅದು ನಮ್ಮಿಂದ ಆಚೆಗೆ ವಾಲಿದೆ, ಚೆಂಡು ಜೋರಾಗಿ ಓಡುತ್ತದೆ. ಮಂಕಾಗಿ ಕಂಡರೆ ನಮ್ಮ ಕಡೆಗೆ ವಾಲಿದೆ, ಚೆಂಡು ತಡೆಯುತ್ತದೆ. ಅಡ್ಡಕ್ಕೆ ವಾಲಿದ್ದರೆ ಚೆಂಡನ್ನೂ ಆ ಕಡೆಗೇ ಎಳೆಯುತ್ತದೆ. ಮೊದಲೆಲ್ಲ ಕ್ಯಾಡಿ ಆಟಗಾರನ ಬೆನ್ನ ಹಿಂದೆ ನಿಂತು ಗುರಿ ಸರಿಯಿದೆಯೇ ಎಂದು ಹೇಳಬಹುದಿತ್ತು. 2019ರಿಂದ ಅದಕ್ಕೆ ನಿಷೇಧ. ಈಗ ಲೈನು ಹೇಳಿ ಪಕ್ಕಕ್ಕೆ ಸರಿಯಬೇಕು, ಆಮೇಲಿನದು ಅವನದು. ಆ ನಿಯಮ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ.

ಮೈಸೂರಿನಲ್ಲಿ, ಚಾಮುಂಡಿ ಬೆಟ್ಟದ ಬುಡದ ಕೋರ್ಸಿನಲ್ಲಿ, ಅವನು ಚೆನ್ನಾಗಿ ಆಡಿದ. ಕೋಲ್ಕತ್ತದಲ್ಲಿ ಕಟ್ ತಪ್ಪಿತು. ಚಂಡೀಗಢದಲ್ಲಿ ಉಳಿದ, ಜೈಪುರದಲ್ಲಿ ತಪ್ಪಿತು. ಆಮೇಲೆ ದಿಗ್ಬೋಯ್.

ದಿಗ್ಬೋಯ್ ಅಸ್ಸಾಮಿನ ಮೂಲೆಯಲ್ಲಿರುವ ಎಣ್ಣೆಯೂರು. ಅಲ್ಲಿನ ರಿಫೈನರಿ 1901ರದು. ವಿಮಾನಕ್ಕೆ ದುಡ್ಡು ಸಾಲದೆ ಮೂರು ದಿನ ರೈಲಿನಲ್ಲಿ ಹೋದೆವು, ಕ್ಲಬ್ಬಿನ ಬ್ಯಾಗನ್ನು ಬರ್ತಿನ ಮೇಲೆ ಕಾಲ ಪಕ್ಕ ಮಲಗಿಸಿಕೊಂಡು. ಎರಡನೇ ದಿನ ನಮಗೆ ತಡವಾದ ಟೀ ಟೈಮು, ಅಂದರೆ ಆಟ ಶುರುಮಾಡುವ ಹೊತ್ತು, ಸಿಕ್ಕಿತ್ತು. ಆ ಕಡೆ ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತದೆ. ನಾಲ್ಕು ಗಂಟೆಗೆಲ್ಲ ಬೆಳಕು ಸೋರಿಹೋಗುತ್ತದೆ. ಕೊನೆಯ ಹೋಲಿನಲ್ಲಿ ಐದಡಿ ಪಟ್ ಉಳಿದಿತ್ತು. ಹೋದರೆ ಕಟ್ಟಿನ ಒಳಗೆ.

ಇಳಿಜಾರು ಬಲಕ್ಕಿತ್ತು. ಹುಲ್ಲಿನ ಹೊಳಪು ನೋಡೋಣವೆಂದರೆ ಆ ಮಬ್ಬಿನಲ್ಲಿ ಎಲ್ಲ ಒಂದೇ ಬಣ್ಣ. ‘ಎಡದಂಚು’ ಅಂದೆ. ಅವನು ಸರಿಯಾಗಿ ಎಡದಂಚಿಗೇ ಹೊಡೆದ. ಚೆಂಡು ಬಲಕ್ಕೆ ತಿರುಗಲೇ ಇಲ್ಲ. ಹುಲ್ಲು ಎಡಕ್ಕೆ ವಾಲಿತ್ತು. ಅಂಚು ಸವರಿಕೊಂಡು ಆಚೆ ಹೋಗಿ ನಿಂತಿತು.

ಸ್ಕೋರ್‌ಕಾರ್ಡಿಗೆ ಸಹಿ ಹಾಕಿ ಹೊರಬಂದವನು ಹೇಳಿದ ಮೊದಲ ಮಾತು: ‘ನಾನೇ ಎಡಕ್ಕೆ ಎಳೆದುಬಿಟ್ಟೆ ಅಣ್ಣ.’

ಅವನು ಎಳೆದಿರಲಿಲ್ಲ. ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ವಾಪಸ್ಸು ಬರುವಾಗ ಎರಡನೇ ರಾತ್ರಿ, ಬೋಗಿಯಲ್ಲಿ ಎಲ್ಲರೂ ಮಲಗಿದ ಮೇಲೆ, ‘ಲೈನು ತಪ್ಪು ಹೇಳಿದೆ ಕಣೋ’ ಅಂದೆ. ‘ಮಲ್ಕೋ ಅಣ್ಣ’ ಅಂದ.

ವರ್ಷದ ಗಳಿಕೆಯ ಪಟ್ಟಿಯಲ್ಲಿ ಮೊದಲ 60ರೊಳಗಿದ್ದವರಿಗೆ ಮುಂದಿನ ವರ್ಷದ ಕಾರ್ಡು, ಅಂದರೆ ಟೂರಿನಲ್ಲಿ ಆಡುವ ಹಕ್ಕು, ಉಳಿಯುತ್ತದೆ. ಅವನು ಸ್ವಲ್ಪದರಲ್ಲೇ ಹೊರಗುಳಿದ. ಹಾಗೆ ಹೊರಗುಳಿದವರು ಕ್ವಾಲಿಫೈಯಿಂಗ್ ಸ್ಕೂಲಿಗೆ ಹೋಗಬೇಕು. ಹೆಸರಿಗೆ ಸ್ಕೂಲು, ನಿಜದಲ್ಲಿ ಕಾರ್ಡಿಗಾಗಿ ನಡೆಯುವ ಪಂದ್ಯ. ಹೋದೆವು. ಹಿಂದಿನ ದಿನದ ಅಭ್ಯಾಸದಲ್ಲಿ, ಮೊದಲ ಗ್ರೀನಿನ ಮೇಲೆ ಅವನು ಐದಡಿ ದೂರಕ್ಕೆ ಚೆಂಡಿಟ್ಟು ನನ್ನ ಕಡೆ ತಿರುಗಿದ.

‘ಎಷ್ಟಣ್ಣ?’

ಗುಂಡಿಯ ಆಚೆಗೆ ಹೋಗಿ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಈಚೆಗೆ ಬಂದು ಮತ್ತೊಮ್ಮೆ ನೋಡಿದೆ. ‘ಬಲಕ್ಕೆ ಅರ್ಧ ಚೆಂಡು’ ಅಂದೆ, ಪಕ್ಕಕ್ಕೆ ಸರಿದೆ.