ತುಕ್ಕು ಹಿಡಿದ ಪದ್ಮಿನಿ

ಹಳೆಯ ಬಡಾವಣೆಗಳಲ್ಲಿ ಇಂತಹ ಮನೆ ಒಂದಾದರೂ ಇದ್ದೇ ಇರುತ್ತದೆ. ಹಿತ್ತಿಲಿನಲ್ಲಿ ತಗಡಿನ ಶೆಡ್ಡು. ಅದರೊಳಗೆ ಟಾರ್ಪಾಲು ಹೊದ್ದು, ನಾಲ್ಕು ಟೈರುಗಳೂ ನೆಲಕ್ಕಂಟಿ ಕುಳಿತ ಒಂದು ಫಿಯಟ್ ಕಾರು. ಅದನ್ನು ಕೊಂಡ ಹಿರಿಯರು ಗತಿಸಿ ಎಷ್ಟೋ ಕಾಲವಾಗಿರುತ್ತದೆ. ಅವರು ಹಣ ಕಟ್ಟಿ ವರ್ಷಗಟ್ಟಲೆ ಸರದಿಗಾಗಿ ಕಾದದ್ದು, ಕಾರು ಮನೆಗೆ ಬಂದ ದಿನ ಚಕ್ರಗಳಡಿಯಲ್ಲಿ ನಿಂಬೆಹಣ್ಣು ಇಟ್ಟದ್ದು, ಮಕ್ಕಳನ್ನೆಲ್ಲ ತುಂಬಿಕೊಂಡು ಧರ್ಮಸ್ಥಳಕ್ಕೆ ಹೋಗಿಬಂದದ್ದು, ಇವೆಲ್ಲ ಆ ಮನೆಯ ಪುರಾಣ. ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿದಾಗ ಗೃಹಿಣಿ, “ಜಾಗವಾದರೂ ಆಗುತ್ತದೆ, ಕೊಟ್ಟುಬಿಡಿ” ಎನ್ನುತ್ತಾಳೆ. ಯಜಮಾನನು ಟಾರ್ಪಾಲನ್ನೊಮ್ಮೆ ಎತ್ತಿ ನೋಡುತ್ತಾನೆ; ಮಾತಿಲ್ಲದೆ ಮತ್ತೆ ಇಳಿಸುತ್ತಾನೆ.

ಈ ಕಾರಿನ ವಂಶ ದೊಡ್ಡದು. ಇಟಲಿಯ ಫಿಯಟ್ ಸಂಸ್ಥೆ 1953ರಲ್ಲಿ ಹೊರತಂದ 1100–103 ಎಂಬ ಮಾದರಿ ಇದರ ಮೂಲಪುರುಷ. ವಾಲ್‌ಚಂದ್ ಹಿರಾಚಂದರು ಸ್ಥಾಪಿಸಿದ ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ 1964ರಲ್ಲಿ ಇದರ ಪರಿಷ್ಕೃತ ರೂಪವಾದ ‘ಡಿಲೈಟ್’ ಅನ್ನು ತಯಾರಿಸತೊಡಗಿತು. ಅದೇ ಕಾರು 1974ರಲ್ಲಿ ಚಿತ್ತೂರಿನ ರಾಣಿಯ ಹೆಸರು ಹೊತ್ತು ‘ಪ್ರೀಮಿಯರ್ ಪದ್ಮಿನಿ’ಯಾಯಿತು. 1089 ಘನ ಸೆಂಟಿಮೀಟರಿನ ಪುಟ್ಟ ಎಂಜಿನ್ನು; ಸ್ಟಿಯರಿಂಗ್ ಚಕ್ರದ ಮಗ್ಗುಲಿಗೇ ಗೇರಿನ ಕೋಲು. ಮುಂಬಯಿಯ ಕಪ್ಪು–ಹಳದಿ ಟ್ಯಾಕ್ಸಿಯಾಗಿ ಲಕ್ಷಾಂತರ ಜನರನ್ನು ಹೊತ್ತು, 2023ರ ಅಕ್ಟೋಬರಿನಲ್ಲಿ ಅದು ಆ ವೃತ್ತಿಯಿಂದ ನಿವೃತ್ತಿ ಹೊಂದಿತು. ಶೆಡ್ಡುಗಳಲ್ಲಿ ಉಳಿದವುಗಳಿಗೆ ಮಾತ್ರ ನಿವೃತ್ತಿಯೂ ಇಲ್ಲ, ಉದ್ಯೋಗವೂ ಇಲ್ಲ.

ಯಜಮಾನನು ಕೊನೆಗೊಂದು ದಿನ ಮನಸ್ಸು ಗಟ್ಟಿಮಾಡಿದನೆನ್ನಿ. ಅವನ ಮೊದಲ ಹಗೆ ತುಕ್ಕು. ಕಬ್ಬಿಣವು ನೀರು ಮತ್ತು ಆಮ್ಲಜನಕಗಳೊಡನೆ ಕೂಡಿದರೆ ತುಕ್ಕು ಹುಟ್ಟುತ್ತದೆಂಬುದು ಶಾಲೆಯ ಹುಡುಗನೂ ಬಲ್ಲ ಸಂಗತಿ. ಆದರೆ ಅದರ ಕುಟಿಲತೆ ಬೇರೆಯೇ ಇದೆ. ಅಲ್ಯುಮಿನಿಯಮ್ಮಿನ ಮೇಲೆ ಕಟ್ಟುವ ಪೊರೆ ಒಳಗಿನ ಲೋಹವನ್ನು ಕಾಪಾಡುತ್ತದೆ, ತುಕ್ಕು ಹಾಗಲ್ಲ. ಅದು ಸಚ್ಛಿದ್ರವಾದದ್ದು, ನೀರನ್ನು ಹೀರಿಕೊಂಡು ಇನ್ನೂ ಆಳಕ್ಕೆ ದಾರಿ ಬಿಡುತ್ತದೆ. ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸುವುದರಿಂದ ಬಣ್ಣವನ್ನು ಒಳಗಿನಿಂದ ಎತ್ತಿ ಗುಳ್ಳೆ ಮಾಡುತ್ತದೆ. ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ತಗಡು, ಗೆದ್ದಲು ಹಿಡಿದ ತೊಲೆಯಂತೆ, ಹೆಸರಿಗಷ್ಟೇ ಉಳಿದಿರುವುದುಂಟು. ಗಾಳಿಯಲ್ಲಿ ಉಪ್ಪಿನಂಶವಿರುವ ಮಂಗಳೂರಿನ ಕಾರುಗಳು ಬೆಂಗಳೂರಿನವುಗಳಿಗಿಂತ ಬೇಗ ಈ ಸ್ಥಿತಿಗೆ ಬರುತ್ತವೆ.

ಇಲ್ಲಿಯೇ ಒಂದು ಮುಖ್ಯ ವಿಚಾರವಿದೆ. ಈ ಫಿಯಟ್ಟಿಗೆ ಲಾರಿಗಿರುವಂತೆ ಬೇರೆಯಾದ ಚಾಸಿ ಇಲ್ಲ. ನೆಲದ ತಗಡು, ಬಾಗಿಲುಗಳ ಕೆಳಗೆ ಉದ್ದಕ್ಕೆ ಹಾಯ್ದಿರುವ ಪೊಳ್ಳು ತೊಲೆಗಳು, ಕಂಬಗಳು, ಮಾಡು, ಇವೆಲ್ಲ ಸೇರಿಯೇ ಕಾರಿನ ಬೆನ್ನೆಲುಬು. ಆದುದರಿಂದ ಇಲ್ಲಿ ತುಕ್ಕೆಂಬುದು ಅಂದಚಂದದ ಪ್ರಶ್ನೆಯಲ್ಲ, ಒಳಗೆ ಕೂರುವವರ ಪ್ರಾಣದ ಪ್ರಶ್ನೆ. ತೂತಿಗೆ ಪುಟ್ಟಿ ಮೆತ್ತಿ, ಉಜ್ಜಿ, ಮೇಲೆ ಥಳಥಳಿಸುವ ಬಣ್ಣ ಹೊಡೆದ ಕಾರು ನೋಡಲು ಮದುವಣಗಿತ್ತಿಯಂತಿರುತ್ತದೆ. ಹಳ್ಳದ ರಸ್ತೆಯಲ್ಲಿ ಅದರ ಬಂಡವಾಳ ಬಯಲಾಗುತ್ತದೆ. ಮೋಸವನ್ನು ಕಂಡುಹಿಡಿಯಲು ಬಟ್ಟೆ ಸುತ್ತಿದ ಒಂದು ಅಯಸ್ಕಾಂತ ಸಾಕು. ಉಕ್ಕಿಗೆ ಅದು ಅಂಟುತ್ತದೆ, ದಪ್ಪ ಪುಟ್ಟಿಗೆ ಅಂಟದು.

ಪರೀಕ್ಷೆಗೆ ಸೀಟುಗಳನ್ನೂ ನೆಲದ ಹಾಸನ್ನೂ ತೆಗೆಯಬೇಕು. ಬ್ಯಾಟರಿಯ ತಟ್ಟೆಯ ಅಡಿ, ಮುಂದಿನ ಗಾಜಿನ ಹಳೆಯ ರಬ್ಬರಿನ ಕೆಳಗೆ, ಚಕ್ರಗಳ ಕಮಾನಿನೊಳಗೆ, ನೀರು ಹೊರಹೋಗುವ ತೂತುಗಳು ಮಣ್ಣಿನಿಂದ ಮುಚ್ಚಿಹೋದ ಬಾಗಿಲುಗಳ ತಳದಲ್ಲಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಹೋದರೆ ಗಟ್ಟಿ ತಗಡು ಠಣ್ಣೆನ್ನುತ್ತದೆ, ಸತ್ತ ತಗಡು ಮಂಕಾಗಿ ಸದ್ದು ಮಾಡುತ್ತದೆ. ಬಿಚ್ಚಿದ ಒಂದೊಂದು ನಟ್ಟನ್ನೂ ಚೀಟಿ ಅಂಟಿಸಿದ ಡಬ್ಬಿಯಲ್ಲಿ ಹಾಕಿಡದವನು ಮುಂದೆ ಅಳುತ್ತಾನೆ. ಅಡಿಗೆಮನೆಯ ಡಬ್ಬಿಗಳು ಒಂದೊಂದಾಗಿ ಕಾಣೆಯಾಗುವುದೂ ಈ ಘಟ್ಟದಲ್ಲಿಯೇ.

ಕೊಳೆತ ತಗಡನ್ನು ಗಟ್ಟಿ ಲೋಹ ಸಿಗುವ ತನಕ ಕತ್ತರಿಸಿ, ಅದೇ ಆಕಾರದ ಹೊಸ ತಗಡನ್ನು ಬೆಸೆಯುವುದೊಂದೇ ಮಾರ್ಗ. ಆದರೆ ಉತ್ಸಾಹದಿಂದ ಎರಡು ಪಕ್ಕದ ತೊಲೆಗಳನ್ನೂ ಒಮ್ಮೆಲೇ ಕತ್ತರಿಸಿದರೆ ಕಾರು ನಡುವಿನಲ್ಲಿ ಜಗ್ಗುತ್ತದೆ. ಆಮೇಲೆ ಬಾಗಿಲುಗಳು ಕೂರುವುದೇ ಇಲ್ಲ. ಮೊದಲು ಬಾಗಿಲಿನ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಸರಳುಗಳನ್ನು ಬೆಸೆದು, ಅಳತೆ ಬರೆದಿಟ್ಟು, ಒಂದು ಪಕ್ಕ ಮುಗಿಸಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಬೇಕು. ಈ ಕೆಲಸವನ್ನು ಯಜಮಾನನು ನುರಿತ ಟಿಂಕರನಿಗೆ ಬಿಡುವುದು ಮೇಲು. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ತಂತಿಯನ್ನು ಕಳಚಿ, ಪೆಟ್ರೋಲ್ ಟ್ಯಾಂಕನ್ನು ಇಳಿಸಿ ದೂರವಿಡಬೇಕು. ಬರಿದಾದ ಟ್ಯಾಂಕು ನಿರಪಾಯಕರವೆಂಬ ಭಾವನೆ ತಪ್ಪು. ಅದರಲ್ಲಿ ಉಳಿದ ಆವಿ ಸಿಡಿಯಬಲ್ಲದು. ಬರಿಯ ಜಾಕಿನ ಮೇಲೆ ನಿಂತ ಕಾರಿನಡಿಗೆ ತಲೆಯಿಡುವುದಂತೂ ಕೂಡದು.

ಮನೆಯಲ್ಲಿಯೇ ಮಾಡಬಹುದಾದ ಸೊಗಸಾದ ಕೆಲಸವೊಂದಿದೆ. ಪ್ಲಾಸ್ಟಿಕ್ ತೊಟ್ಟಿಯಲ್ಲಿ ನೀರು ತುಂಬಿ, ಬಟ್ಟೆ ಒಗೆಯುವ ಸೋಡವನ್ನು ಕರಗಿಸಬೇಕು. ತುಕ್ಕು ಹಿಡಿದ ಕೀಲು, ಬ್ರಾಕೆಟ್ಟು ಮುಂತಾದುವನ್ನು ಬ್ಯಾಟರಿ ಚಾರ್ಜರಿನ ಋಣ ತಂತಿಗೂ, ಬೇಡವಾದ ಕಬ್ಬಿಣದ ಪಟ್ಟಿಯೊಂದನ್ನು ಧನ ತಂತಿಗೂ ಜೋಡಿಸಿ, ಪರಸ್ಪರ ತಾಗದಂತೆ ಮುಳುಗಿಸಿದರೆ ಸಣ್ಣ ಗುಳ್ಳೆಗಳು ಏಳತೊಡಗುತ್ತವೆ. ಮರುದಿನ ತುಕ್ಕು ಕರಿಯ ಕೆಸರಾಗಿ ಬ್ರಷ್ಷಿಗೆ ಬಿಟ್ಟುಬರುತ್ತದೆ; ಒಳ್ಳೆಯ ಲೋಹ ಸವೆಯುವುದಿಲ್ಲ. ಏಳುವುದು ಜಲಜನಕವಾದುದರಿಂದ ಬಯಲಿನಲ್ಲಿ, ಕಿಡಿಯಿಂದ ದೂರದಲ್ಲಿ ಇದನ್ನು ನಡೆಸಬೇಕು. ಧನ ತಂತಿಗೆ ಸ್ಟೇನ್‌ಲೆಸ್ ಸ್ಟೀಲನ್ನು ಕಟ್ಟಲೇಬಾರದು. ಅದರ ಕ್ರೋಮಿಯಮ್ ನೀರನ್ನು ವಿಷ ಮಾಡೀತು. ಹೀಗೆ ಬೆಳಗಿದ ಲೋಹ ಮಳೆಗಾಲದಲ್ಲಿ ಒಂದು ರಾತ್ರಿ ಬರಿದಾಗಿ ಬಿದ್ದಿದ್ದರೂ ಮತ್ತೆ ಕೆಂಪಾಗುವುದರಿಂದ ಅಂದೇ ಪ್ರೈಮರ್ ಬಳಿಯಬೇಕು.

ಎಂಜಿನ್ನಿನ ವಿಷಯದಲ್ಲಿ ತಾಳ್ಮೆಯೇ ಔಷಧ. ಬಿಗಿದುಕೊಂಡಿದ್ದರೆ ಪ್ಲಗ್ಗುಗಳನ್ನು ಬಿಚ್ಚಿ ಸಿಲಿಂಡರುಗಳಿಗೆ ತೆಳು ಎಣ್ಣೆ ಹೊಯ್ದು ಕೆಲವು ದಿನ ಬಿಟ್ಟು, ಅನಂತರ ಮೆಲ್ಲಗೆ ಆಡಿಸಿ ನೋಡುವುದು. ಬ್ರೇಕಿನ ರಬ್ಬರು ಭಾಗಗಳನ್ನೆಲ್ಲ, ಚೆನ್ನಾಗಿಯೇ ಕಂಡರೂ, ಬದಲಿಸುವುದು. ಹಳೆಯ ಬ್ರೇಕ್ ಲೈನಿಂಗಿನ ಧೂಳಿನಲ್ಲಿ ಕಲ್ನಾರು ಇರಬಹುದಾದುದರಿಂದ ಅದನ್ನು ಊದಬಾರದು.

ಇನ್ನು ಕಾನೂನು. 2021ರ ಕೇಂದ್ರ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿ, ಮೂಲರೂಪದಲ್ಲಿಯೇ ಉಳಿದ ಖಾಸಗಿ ವಾಹನ ‘ವಿಂಟೇಜ್’ ಎಂದು ‘ವಿಎ’ ಅಕ್ಷರಗಳ ಫಲಕವನ್ನು ಪಡೆಯಬಹುದು. 1974ರ ಪದ್ಮಿನಿಗಳು 2024ರಲ್ಲಿ ಈ ವಯಸ್ಸಿಗೆ ಬಂದುವು. ಆದರೆ ಆ ಗೌರವ ಪಡೆದ ಕಾರು ಪ್ರದರ್ಶನಕ್ಕೆ, ರ್‍ಯಾಲಿಗೆ ಹೋಗಬಹುದೇ ಹೊರತು ದಿನನಿತ್ಯ ತರಕಾರಿ ತರಲು ಹೋಗುವಂತಿಲ್ಲ. ಸಾಮಾನ್ಯ ನೋಂದಣಿಯಲ್ಲಿಯೇ ಉಳಿಯಬೇಕಾದರೆ 15 ವರ್ಷಗಳ ಬಳಿಕ ತಪಾಸಣೆಗೊಳಪಟ್ಟು ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ತಂದೆಯ ಕಾರನ್ನು ಪೂಜೆಗಿಡುವುದೋ ಬಳಸುವುದೋ ಎಂಬುದನ್ನು ಯಜಮಾನನೇ ತೀರ್ಮಾನಿಸಬೇಕು. ಹಿರಿಯರಿಗೆ ಅದು ತರಕಾರಿಯ ಕಾರೇ ಆಗಿತ್ತು.

ಅಂತೂ ವರ್ಷ ಕಳೆದು, ಅಂದಾಜಿನ ದುಪ್ಪಟ್ಟು ಹಣ ಖರ್ಚಾಗಿ, ಒಂದು ಭಾನುವಾರ ಬೆಳಿಗ್ಗೆ ಎಂಜಿನ್ನು ಕೆಮ್ಮಿ, ಹೊಗೆಯುಗುಳಿ, ಹದಕ್ಕೆ ಬರುತ್ತದೆ. ಕಾರು ಗೇಟಿನವರೆಗೆ ಹೋಗಿ ಬ್ರೇಕಿಗೆ ನಿಲ್ಲುತ್ತದೆ. ಮಾರಿಬಿಡಿ ಎಂದಿದ್ದ ಗೃಹಿಣಿಯೇ ಸೆರಗು ಸರಿಪಡಿಸಿಕೊಂಡು, ಮಕ್ಕಳ ಕೈಹಿಡಿದು ಹಿಂದಿನ ಬಾಗಿಲು ತೆರೆಯುತ್ತಾಳೆ. ಹಿಂದಿನ ಸೀಟು ಇನ್ನೂ ಕುಷನ್ ಅಂಗಡಿಯಿಂದ ಬಂದಿರುವುದಿಲ್ಲ.