ಮಡ್ಡಿಗೆ ಬರುವ ಚಳಿಗಾಲದ ಅತಿಥಿಗಳು

ಅಡಿಕೆಗೆ ಕೊನೆಯ ಸುತ್ತಿನ ಬೋರ್ಡೋ ಸಿಂಪಡಿಸಿ ಮುಗಿದು, ಮಳೆ ಒಂದಿಷ್ಟು ಬಿಡುವು ಕೊಟ್ಟ ಸೆಪ್ಟೆಂಬರ್ ತಿಂಗಳಲ್ಲಿ ನಮ್ಮ ತೋಟದ ಬಸಿಗಾಲುವೆಯ ಅಂಚಿಗೆ ಹಳದಿ ಹೊಟ್ಟೆಯ, ಸದಾ ಬಾಲ ಕುಣಿಸುವ ಪುಟ್ಟ ಹಕ್ಕಿಯೊಂದು ಬಂದಿಳಿಯುವುದನ್ನು ಸದಸ್ಯ ಬಾಂಧವರು ನೋಡಿರುತ್ತೀರಿ. ಅದು ಬೂದು ಸಿಪಿಲೆ. ಹಿಮಾಲಯ ಮತ್ತು ಅದರಾಚೆಯ ತಣ್ಣನೆಯ ನಾಡುಗಳಲ್ಲಿ ಮರಿ ಮಾಡಿ, ಚಳಿ ಕಳೆಯಲು ನಮ್ಮಲ್ಲಿಗೆ ಬರುತ್ತದೆ. ಇದೇ ಹೊತ್ತಿಗೆ ಇಂಥದೇ ದೂರದ ಅತಿಥಿಗಳು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯ ಬಯಲಿಗೂ ಬರುತ್ತವೆ. ಮರಗಳ ನೆರಳಿನಲ್ಲೇ ಬದುಕುವ ನಮಗೆ ಆ ಸಂಗತಿ ಗೊತ್ತಿರಲಿಲ್ಲ.

ತಿಳಿಸಿದವರು ಕಾಫಿ ಹಣ್ಣು ಕೊಯ್ಯಲು ಬಂದಿದ್ದ ಸಿಂದಗಿ ಕಡೆಯ ಹಿರಿಯರೊಬ್ಬರು. "ಹಿಂಗಾರಿ ಬಿತ್ತೂ ಹೊತ್ತಿನ್ಯಾಗ ಮಡ್ಡಿಗೆ ಬರ್ತಾವ್ರೀ ಸಾಹೇಬ್ರ. ಗಿಡದಾಗ ಕೂಡೂದಿಲ್ಲ, ನೆಲದಾಗ ಮಲಗತಾವ" ಎಂದರು. ಗಿಡುಗನಂಥ ಹಕ್ಕಿ ನೆಲದ ಮೇಲೆ ಮಲಗುವುದೆಂದರೆ ನಾವು ನಕ್ಕುಬಿಟ್ಟೆವು. ಮುಂದಿನ ಅಕ್ಟೋಬರ್‌ನಲ್ಲಿ ಅವರ ಊರಿಗೇ ಹೋಗಿ ನೋಡಿದಾಗ ನಗು ನಮ್ಮ ಮೇಲೆಯೇ ತಿರುಗಿತು.

ಮಡ್ಡಿ ಎಂದರೆ ಎರೆ ಹೊಲಗಳ ನಡುವೆ ತುಸು ಎತ್ತರಕ್ಕಿರುವ, ಗರಸು ತುಂಬಿದ, ನೇಗಿಲಿಗೆ ಒಗ್ಗದ ನೆಲ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ. ನಮ್ಮಲ್ಲಿ ಅಷ್ಟು ಮಳೆ ಜುಲೈ ಒಂದೇ ತಿಂಗಳಲ್ಲಿ ಬೀಳುವುದುಂಟು. ಮಳೆ ಮುಗಿಯುವ ವೇಳೆಗೆ ಮೊಣಕಾಲೆತ್ತರದ ಹುಲ್ಲು, ಅಲ್ಲಲ್ಲಿ ಬಾರೆ, ಜಾಲಿಯ ಪೊದೆ, ಅಷ್ಟೇ. ಕುರಿ ಮೇಯಿಸುವವರ ಹೊರತು ಬೇರೆಯವರಿಗೆ ಅದು ಬರಿ ನೆಲ.

ಆ ಹುಲ್ಲಿನ ಮೇಲೆ, ಆಳೆತ್ತರದಲ್ಲಿ, ರೆಕ್ಕೆಗಳನ್ನು ಸ್ವಲ್ಪ ಮೇಲೆತ್ತಿ ಹಿಡಿದು, ಅತ್ತಿತ್ತ ವಾಲುತ್ತ ತೇಲುವ ಹಕ್ಕಿಯೇ ಸೆಳೆವ. ಗಂಡು ಬೂದಿ ಬಣ್ಣ, ರೆಕ್ಕೆಯ ತುದಿ ಕಪ್ಪು. ಹೆಣ್ಣು ಕಂದು, ಬಾಲದ ಬುಡದಲ್ಲಿ ಎದ್ದು ಕಾಣುವ ಬಿಳಿ ಪಟ್ಟಿ. ಇವು ಮರಿ ಮಾಡುವುದು ಸುಮಾರು 4000 ಕಿಲೋಮೀಟರ್ ದೂರದ ಕಜಕಸ್ತಾನ ಮತ್ತು ಅದರ ಸುತ್ತಲಿನ ಹುಲ್ಲುಬಯಲಲ್ಲಿ. ಅಲ್ಲಿ ಮರಗಳೇ ಅಪರೂಪ. ಗೂಡೂ ನೆಲದ ಮೇಲೆ, ನಿದ್ದೆಯೂ ನೆಲದ ಮೇಲೆ. ಇಲ್ಲಿಗೆ ಬಂದರೂ ಆ ಅಭ್ಯಾಸ ಬಿಡುವುದಿಲ್ಲ. ಹಗಲು ಬೇರೆ ಬೇರೆಯಾಗಿ ಹೊಲಗಳ ಮೇಲೆ ಸುತ್ತಿ, ಸಂಜೆ ಒಂದೇ ಹುಲ್ಲುಗಾವಲಿಗೆ ಒಂದೊಂದಾಗಿ ಬಂದು ಸೇರುತ್ತವೆ. ಸುತ್ತ ತೆರವಾಗಿದ್ದರೆ ನರಿ ನಾಯಿ ದೂರದಿಂದಲೇ ಕಾಣುತ್ತದೆ. ಹುಲ್ಲು ಮೈ ಮರೆಮಾಡುತ್ತದೆ. ಗುಜರಾತಿನ ವೇಳಾವದರದಲ್ಲಿ, 1976ರಲ್ಲಿ ಕೃಷ್ಣಮೃಗಕ್ಕೆಂದು ರಾಷ್ಟ್ರೀಯ ಉದ್ಯಾನವಾದ ಹುಲ್ಲುಗಾವಲಿನಲ್ಲಿ, ಹೀಗೆ ಸೆಳೆವಗಳು ನೂರುಗಟ್ಟಲೆ ಸೇರುತ್ತವೆ. ನಾವು ಸಿಂದಗಿಯ ಕಡೆ ಎಣಿಸಿದ್ದು ಏಳು. ಏಳೇ ಆದರೂ ಕತ್ತಲಾಗುವವರೆಗೆ ಏಳಲು ಮನಸ್ಸಾಗಲಿಲ್ಲ.

ಅವುಗಳ ಮುಖ್ಯ ಆಹಾರದಲ್ಲಿ ಮಿಡತೆ ಒಂದು. ಇಲಿ, ನೆಲಗುಬ್ಬಿಗಳನ್ನೂ ಹಿಡಿಯುತ್ತವೆ. ಜೋಳ, ಕಡಲೆ ಬೆಳೆಯುವವರಿಗೆ ಇದರ ಲಾಭ ನಾವು ಹೇಳಬೇಕಾಗಿಲ್ಲ. ಗುಲಾಬಿ ಕಬ್ಬಕ್ಕಿಯ ಲೆಕ್ಕ ಮಾತ್ರ ಅಷ್ಟು ಸರಳವಲ್ಲ. ಮಧ್ಯ ಏಷ್ಯಾದಲ್ಲಿ ಅದು ಮಿಡತೆಗಳ ಶತ್ರು. ಚೀನಾದ ಷಿನ್‌ಜಿಯಾಂಗ್ ಪ್ರಾಂತದಲ್ಲಿ ಅದಕ್ಕೆಂದೇ ಗೂಡಿನ ಜಾಗ ಕಟ್ಟಿಕೊಟ್ಟಿದ್ದಾರೆ. ನಮ್ಮ ಬಯಲಿಗೆ ಬಂದು ಹುಳು ತಿನ್ನುವುದೂ ನಿಜ, ಬಿಳಿಜೋಳ ಹಾಲುಗಟ್ಟಿದಾಗ ಹಿಂಡುಹಿಂಡಾಗಿ ತೆನೆಗೆ ಬೀಳುವುದೂ ನಿಜ. ಕವಣೆ ಹಿಡಿದು ಅಟ್ಟಣಿಗೆ ಏರಿದ ರೈತನನ್ನು ನಾವು ತಪ್ಪು ಎನ್ನಲಾರೆವು.

ನೋಡಬಯಸುವವರು ಅಕ್ಟೋಬರ್‌ನಿಂದ ಫೆಬ್ರವರಿಯೊಳಗೆ ಹೋಗಬೇಕು. ಸೂರ್ಯ ಮುಳುಗಲು ಒಂದು ಗಂಟೆ ಇರುವಾಗ ಮಡ್ಡಿಯ ಅಂಚಿನಲ್ಲಿ ಕುಳಿತರೆ ಸಾಕು. ಹುಲ್ಲಿನೊಳಗೆ ಕಾಲಿಡಬಾರದು, ಒಮ್ಮೆ ಎಬ್ಬಿಸಿದರೆ ಆ ರಾತ್ರಿ ಅವಕ್ಕೆ ಬೇರೆ ಜಾಗ ಹುಡುಕುವ ಪಾಡು. ಸಮಯವಿದ್ದರೆ ಆಲಮಟ್ಟಿಯ ಹಿನ್ನೀರನ್ನೂ ನೋಡಿ ಬರಬಹುದು, ನೀರುಹಕ್ಕಿಗಳ ಕಥೆಯೇ ಬೇರೆ.

ಸದಸ್ಯರಿಗೆ ಕಹಿಯಾದ ಒಂದು ಮಾತು ಹೇಳಬೇಕಾಗಿದೆ. ಬರಿ ನೆಲ ಕಂಡರೆ ಗಿಡ ನೆಡಬೇಕೆನ್ನುವುದು ನಮ್ಮ ರಕ್ತದಲ್ಲಿದೆ. ಸಿಲ್ವರ್ ಓಕ್ ನೆಟ್ಟ ಕೈ ಸುಮ್ಮನಿರದು. ನಾವೂ ಆ ಹಿರಿಯರಿಗೆ "ಇಲ್ಲಿ ಗಿಡ ಹಚ್ಚಬಾರದೇಕೆ?" ಎಂದು ಕೇಳಿದೆವು. ಆದರೆ ಈ ನೆಲಕ್ಕೆ ಅಕೇಶಿಯಾ, ನೀಲಗಿರಿ ಬಂದರೆ ಹುಲ್ಲು ಹೋಗುತ್ತದೆ, ಹುಲ್ಲಿನೊಡನೆ ಸೆಳೆವವೂ ಹೋಗುತ್ತದೆ, ಕುರಿಗೂ ಮೇವಿಲ್ಲ. ಕಾಗದದಲ್ಲಿ "ಪಾಳುಭೂಮಿ" ಎಂದು ಬರೆದದ್ದೇ ಇಂಥ ನೆಲಕ್ಕೆ ದೊಡ್ಡ ಕೇಡು. ಬೆಂಗಳೂರಿನ ಬಳಿಯ ಹೆಸರಘಟ್ಟದ ಹುಲ್ಲುಗಾವಲನ್ನು ಸಂರಕ್ಷಿತ ಪ್ರದೇಶವಾಗಿಸಲು ರಾಜ್ಯ ವನ್ಯಜೀವಿ ಮಂಡಳಿ 2024ರಲ್ಲಿ ಒಪ್ಪಿತು. ವಿಜಯಪುರದ ಮಡ್ಡಿಗಳ ಪರವಾಗಿ ಕೇಳುವವರು ಕಡಿಮೆ.

ನಾವು ಕುಳಿತಿದ್ದ ಮಡ್ಡಿಯ ಒಂದು ಮಗ್ಗುಲನ್ನು ರಸ್ತೆಗೆ ಗರಸು ಬೇಕೆಂದು ಆಗಲೇ ಅಗೆದಿದ್ದರು. ನಮ್ಮಲ್ಲಿ ಹೂಮಳೆಗೆ ಕಾಯುವ ಮಾರ್ಚ್-ಏಪ್ರಿಲ್‌ನಲ್ಲಿ ಸೆಳೆವಗಳು ಉತ್ತರಕ್ಕೆ ಹೊರಡುತ್ತವೆ. ಈ ಸಲ ಕೊಯ್ಲಿಗೆ ಆ ಹಿರಿಯರು ಬಂದಾಗ ಉಳಿದ ಮಗ್ಗುಲು ಹೇಗಿದೆಯೆಂದು ಕೇಳಬೇಕು.