ಬಣ್ಣ ಹಚ್ಚಿದ ಮಕ್ಕಳ ಜೊತೆಗೆ ಹೋಗುವವರು

ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿಯ ತೇರು ಎಳೆದ ಮೇಲೂ ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ಕಂಪನಿಗಳು ಸಾಲಾಗಿ ಥಿಯೇಟರು ಹಾಕಿ ರಾತ್ರಿಯೆಲ್ಲ ನಾಟಕ ಆಡುತ್ತವೆ. ‘ಸಂಪತ್ತಿಗೆ ಸವಾಲ್’ ಬರೆದ ಪಿ.ಬಿ. ಧುತ್ತರಗಿಯವರೂ ಇದೇ ಸೀಮೆಯವರು, ಹುನಗುಂದ ತಾಲ್ಲೂಕಿನ ಸೂಳೇಬಾವಿಯವರು. ಇಲ್ಲಿನ ಮಕ್ಕಳಿಗೆ ಬಣ್ಣದ ಹುಚ್ಚು ಹತ್ತದಿದ್ದರೇ ಆಶ್ಚರ್ಯ. ಇಳಕಲ್ಲಿನ ಹುಡುಗರು ಬಾಗಲಕೋಟೆಗೆ ನಾಟಕ ಆಡಲು ಹೊರಟರೆ ನಿರ್ದೇಶಕರಿಗೆ ಆಟದ ಚಿಂತೆ, ಮೇಷ್ಟ್ರಿಗೆ ಮಾತು ಮರೆಯುವವರ ಚಿಂತೆ. ಹಸಿವು, ನಿದ್ದೆ, ಒಂದಕ್ಕೆ ಹೋಗುವುದು ಇವನ್ನೆಲ್ಲ ನೋಡಿಕೊಳ್ಳಲು ಮತ್ತೊಬ್ಬರು ಬೇಕು. ಸಂಬಳವಿಲ್ಲದ ಆ ಕೆಲಸಕ್ಕೆ ನೀವು ಒಪ್ಪಿಕೊಂಡಿದ್ದರೆ ಮೊದಲು ಕಾನೂನು ತಿಳಿದುಕೊಳ್ಳಿ.

1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಯಿತು, ಮರುವರ್ಷ ನಿಯಮಗಳು ಬಂದವು. ಟಿಕೆಟ್ಟು ಮಾರಿ ನಡೆಸುವ ಪ್ರದರ್ಶನದಲ್ಲಿ 14 ತುಂಬದ ಮಗು ಪಾತ್ರ ಮಾಡಬೇಕಾದರೆ ಜಿಲ್ಲಾ ದಂಡಾಧಿಕಾರಿಯ ಅನುಮತಿ, ತಂದೆತಾಯಿಯ ಒಪ್ಪಿಗೆ ಎರಡೂ ಬೇಕು. ದಿನಕ್ಕೆ 5 ತಾಸಿಗಿಂತ ಹೆಚ್ಚು ಕೆಲಸವಿಲ್ಲ, ನಡುವೆ ವಿರಾಮ ಕೊಡದೆ 3 ತಾಸು ಮೀರುವಂತಿಲ್ಲ, ಸತತ 27 ದಿನ ದಾಟುವಂತಿಲ್ಲ. ಗಳಿಕೆಯ ಶೇ. 20ರಷ್ಟನ್ನಾದರೂ ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಮಗುವಿಗೆ ಮನಸ್ಸಿಲ್ಲದಿದ್ದರೆ ಆಡಿಸುವಂತೆಯೇ ಇಲ್ಲ. ನಿಮಗೆ ನೇರವಾಗಿ ತಟ್ಟುವ ನಿಯಮ ಇನ್ನೊಂದಿದೆ: ಐದು ಮಕ್ಕಳಿಗೆ ಒಬ್ಬರು ಹೊಣೆಗಾರರು ಇರಲೇಬೇಕು. ಶಾಲೆಯ ವಾರ್ಷಿಕೋತ್ಸವಕ್ಕೆ ಈ ಕಾಗದಪತ್ರವೆಲ್ಲ ಬೇಡ. ಆದರೂ ಐದರ ಲೆಕ್ಕವನ್ನು ಅಲ್ಲಿಯೂ ಬಿಡಬೇಡಿ. ಆರನೆಯ ಮಗು ಯಾವಾಗಲೂ ನೀವು ನೋಡದಿರುವ ಕಡೆಯೇ ಇರುತ್ತದೆ.

ತಾಲೀಮಿನ ದಿನಗಳಲ್ಲೇ ಹೋಗಿ ಕುಳಿತು ಮಕ್ಕಳ ಹೆಸರು ಕಲಿಯಿರಿ. ಯಾರಿಗೆ ದಮ್ಮು, ಯಾರಿಗೆ ಬಸ್ಸಿನಲ್ಲಿ ವಾಂತಿ ಎಂದು ತಾಯಂದಿರನ್ನು ಕೇಳಿ ಬರೆದುಕೊಳ್ಳಿ. ಬಣ್ಣವನ್ನು ಹಿಂದಿನ ದಿನ ಮುಂಗೈಗೆ ಹಚ್ಚಿ ನೋಡಿ, ತುರಿಸಿದರೆ ಮುಖಕ್ಕೆ ಬೇಡ. ತೆಗೆಯಲು ಕೊಬ್ಬರಿ ಎಣ್ಣೆ, ಹಳೆಯ ಹತ್ತಿ ಬಟ್ಟೆ ಸಾಕು. ಪುಷ್ಯದ ಚಳಿಗೆ ಸ್ವೆಟರು, ಟೋಪಿ ಮರೆಯಬೇಡಿ. ಖಾರದ ಮಿರ್ಚಿ ಭಜಿ ಆಟ ಮುಗಿದ ಮೇಲೆ, ಮೊದಲು ರೊಟ್ಟಿ ಮೊಸರು.

ಆಟ ಶುರುವಾದ ಮೇಲೆ ನಿಮ್ಮ ಜಾಗ ಪರದೆಯ ಪಕ್ಕ, ಪ್ರೇಕ್ಷಕರ ನಡುವೆ ಅಲ್ಲ. ನಾಟಕ ನೋಡುವ ಆಸೆ ಬಂದೇ ಬರುತ್ತದೆ, ಅದನ್ನು ತಡೆದುಕೊಳ್ಳುವುದೇ ಈ ಕೆಲಸದಲ್ಲಿ ಕಷ್ಟದ್ದು. ಬಟ್ಟೆ ಬದಲಿಸುವ ಕೋಣೆಗೆ ಹೊರಗಿನವರನ್ನು, ಮೊಬೈಲನ್ನು ಬಿಡಬೇಡಿ. ಹುಡುಗಿಯರ ಜೊತೆ ಹೆಣ್ಣುಮಗಳೊಬ್ಬರು ಇರಲಿ. ನೀವೂ ಒಂದು ಮಗುವಿನೊಡನೆ ಬಾಗಿಲು ಹಾಕಿಕೊಂಡು ಕೂರಬೇಡಿ. ಮಗುವಿಗೆ ಲೈಂಗಿಕ ಕಿರುಕುಳವಾದ ಸುಳಿವು ಸಿಕ್ಕರೆ ಸಂಘದ ಹಿರಿಯರು ‘ಒಳಗೇ ಸರಿಮಾಡೋಣ’ ಎಂದರೂ ಕೇಳಬೇಡಿ. 1098ಕ್ಕೆ ಅಥವಾ ಪೊಲೀಸರಿಗೆ ತಿಳಿಸಿ. ಅದನ್ನು ಮುಚ್ಚಿಡುವುದು 2012ರ ಪೋಕ್ಸೊ ಕಾಯ್ದೆಯಲ್ಲಿ ಅಪರಾಧ.

ಕಾನೂನು ತಾಸು ಎಣಿಸುತ್ತದೆ, ನಿದ್ದೆಯನ್ನು ನೀವೇ ಎಣಿಸಬೇಕು. ಮಕ್ಕಳ ಪ್ರವೇಶ ಮೊದಲ ಅಂಕದಲ್ಲೇ ಮುಗಿಯುವಂತೆ ಮಾಡಿ ಎಂದು ನಿರ್ದೇಶಕರಿಗೆ ಮೊದಲೇ ಹೇಳಿ, ಕಾಡಿಸಿಯಾದರೂ ಒಪ್ಪಿಸಿ.

ಬಸ್ಸು ಹತ್ತುವಾಗ ತಲೆ ಎಣಿಸಿ, ಇಳಿದಾಗ ಮತ್ತೆ ಎಣಿಸಿ. ಕರೆದೊಯ್ಯಲು ಯಾರು ಬರುತ್ತಾರೆಂಬ ಹೆಸರು ನಿಮ್ಮ ಪಟ್ಟಿಯಲ್ಲಿರಲಿ. ಪಟ್ಟಿಯಲ್ಲಿಲ್ಲದವರು ಬಂದು ನಿಂತರೆ, ಮಗು ‘ಕಾಕಾ’ ಎಂದು ಓಡಿದರೂ ತಡೆಯಿರಿ. ತಾಯಿಗೆ ಫೋನು ಹಚ್ಚಿ ಕೇಳಿದ ಮೇಲೆಯೇ ಕೈ ಬಿಡಿ.